ಕೆಂಚಕ್ಕನ ಕೆಳಗಿನವರು

"ಕೆಂಚಕ್ಕನ ಹೆಸರು ಬ್ಯಾಡ, ತೆಗಿ," ಎಂದರು ವಾಮದೇವಪ್ಪ, ಮಗಳ ಮುಂದಿದ್ದ ಕಂಪ್ಯೂಟರಿನ ಪರದೆಗೆ ಬೆರಳು ತೋರಿಸಿ.

ನೆಲದ ಮೇಲೆ ಕೂತಿದ್ದ ಹೆಳವರ ಚೌಡಪ್ಪ ತಲೆ ಎತ್ತಿದ. ಮೂರು ವರ್ಷಕ್ಕೊಮ್ಮೆ ಹರಿಹರದಿಂದ ಬಂದು ನಿಟ್ಟುವಳ್ಳಿಯ ಈ ಮನೆಯ ವಂಶಾವಳಿ ಓದಿ ಹೇಳುವುದು ಅವನ ಮನೆತನದ ಕೆಲಸ. ಅವನ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಅವನ ನಂತರ ಓದುವವರೂ ಇರಲಿಲ್ಲ. ಅದಕ್ಕೇ ವಾಮದೇವಪ್ಪನವರ ಮಗಳು, ಎಂಜಿನಿಯರಿಂಗ್ ಕೊನೆಯ ವರ್ಷದ ತನುಶ್ರೀ, ತಾನೇ ಒಂದು ಪ್ರೋಗ್ರಾಂ ಬರೆದು ಹನ್ನೊಂದು ತಲೆಮಾರನ್ನು ಅದಕ್ಕೆ ಏರಿಸಿದ್ದಳು.

"ಯಾಕ್ರಿ ಯಜಮಾನ್ರೆ?"

"ಭಾನುವಾರ ಇವಳನ್ನ ನೋಡಾಕ ಬರ್ತಾರೆ. ಇದರ ಪ್ರಿಂಟ್ ಗೋಡೆಗೆ ಹಾಕ್ತೀನಿ. ಗಂಡ ಸತ್ತೋಳು ಇನ್ನೊಂದು ಮದುವೆ ಆಗಿ ಈ ಮನೆಗೆ ಬಂದ್ಲು ಅಂತ ಅವರು ಓದಬೇಕೇನು?"

"ಆಕಿ ಗಂಡ, ನಿಮ್ಮ ಮುತ್ತಜ್ಜ, ಎಮ್ಮೆ ಕದ್ದು ಸಿಕ್ಕಿಬಿದ್ದದ್ದೂ ಓದಿದೆ. ಆಗ ಹೊಟ್ಟೆ ಹಿಡಕೊಂಡು ನಕ್ರಲ್ರಿ."

"ಅದು ಬ್ಯಾರೆ. ನೀನು ಕಾಳು ತಗೊಂಡು ನಡಿ."

ಓದಿದ್ದಕ್ಕೆ ಕೊಟ್ಟಿದ್ದ ಜೋಳದ ಮೊರವನ್ನು ಚೌಡಪ್ಪ ಹಿಂದಕ್ಕೆ ತಳ್ಳಿದ. "ಓದಿದ ಹೆಸರು ಅಳಿಸಿದ ಮನೆ ಕಾಳು ನಮ್ಮೋರು ಯಾರೂ ಮುಟ್ಟಂಗಿಲ್ರಿ."

"ತನು, ಅಳಿಸು!"

ತನುಶ್ರೀ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ ಗುಂಡಿ ಒತ್ತಿದಳು.

ಕೆಂಚಕ್ಕ ಹೋದಳು. ಅವಳ ಕೆಳಗಿದ್ದ ಮಗ ಹೋದ, ಮೊಮ್ಮಗ ಹೋದ. ನೋಡನೋಡುತ್ತಲೇ ವಾಮದೇವಪ್ಪ ಹೋದರು. ಕೊನೆಗೆ ತನುಶ್ರೀಯೂ ಹೋದಳು. ಪರದೆಯ ಕೆಳಭಾಗ ಖಾಲಿ.

"ಏನು ಮಾಡಿದ್ಯೇ?"

"ನೀವು ಹೇಳಿದ್ದನ್ನೇ, ಅಪ್ಪಾಜಿ. ಪ್ರತಿ ಹೆಸರನ್ನೂ ತಂದೆ ತಾಯಿ ಇಬ್ಬರಿಗೂ ಕಟ್ಟೀನಿ. ತಾಯಿ ಇಲ್ದೆ ಮಕ್ಕಳು ಹೆಂಗೆ ಹುಟ್ತಾರೆ?"

"ಹಂಗಾದ್ರೆ ಆ ಪ್ರೋಗ್ರಾಮೇ ತಿದ್ದು."

"ತಿದ್ದಾಕ ಬರ್ತೈತೆ. ತಿದ್ದಂಗಿಲ್ಲ." ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಭಾನುವಾರ ಬರೋರು ಓದಲಿ. ಓದಿ ಎದ್ದು ಹೋಗೋರಾದ್ರೆ ಹೋಗಲಿ. ಚೌಡಜ್ಜ, ಕೆಂಚಕ್ಕನಿಂದ ಇನ್ನೊಮ್ಮೆ ಓದ್ರಿ, ಎಲ್ಲಾರನ್ನೂ ಮತ್ತೆ ಏರಿಸ್ತೀನಿ."

ಚೌಡಪ್ಪ ಹಾಳೆ ಹಿಂದಕ್ಕೆ ತಿರುವಿ ಗಟ್ಟಿಯಾಗಿ ಶುರು ಮಾಡಿದ. ವಾಮದೇವಪ್ಪ ಸಿಟ್ಟಿನಿಂದ ಬಾಗಿಲವರೆಗೆ ನಡೆದರು. ಹೊಸ್ತಿಲು ಮಾತ್ರ ದಾಟಲಿಲ್ಲ. ಬೆನ್ನು ತಿರುಗಿಸಿಕೊಂಡೇ ತಮ್ಮ ಹೆಸರು ಬರಲೆಂದು ಕಾಯುತ್ತ ನಿಂತರು.