ಏನಂತ ಕರೀಬೇಕ್ರಿ?

ವಿಡಿಯೋ ಆಟದೊಳಗಿನ ಪಾತ್ರಗಳು ಮುನಿಸಿಕೊಂಡು ಕೆಲಸ ನಿಲ್ಲಿಸುವುದು ಆ ಕಾಲದಲ್ಲಿ ಹೊಸದೇನಾಗಿರಲಿಲ್ಲ. ಆದರೆ ಹಡಗು ಪಂದ್ಯದ ಫೈನಲ್ ದಿನವೇ ನಿಲ್ಲಿಸಿದರೆ ಸಹನಾಳ ಗತಿಯೇನು? ಗೋಡೆಯಗಲದ ಪರದೆಯಲ್ಲಿ ಉಳಿದ ಹಡಗುಗಳೆಲ್ಲ ಹಾಯಿ ಬಿಚ್ಚಿ ಹೊರಟಿದ್ದವು. ಸಹನಾಳ ಹಡಗು ನಡೆಸುವ ಹೆಂಗಸು ಮಾತ್ರ ಚುಕ್ಕಾಣಿ ಬಿಟ್ಟು, ಕೈಕಟ್ಟಿ ಕೂತಿದ್ದಳು.

"ಏ ಸುಂದರಿ, ನಡೀ! ಬೇಬಿ, ಪ್ಲೀಸ್!" ಸಹನಾ ಅಂಗಲಾಚಿದಳು. ಆಕೆ ತಿರುಗಿಯೂ ನೋಡಲಿಲ್ಲ.

ಅವರೆಕಾಯಿ ಸುಲಿಯುತ್ತಿದ್ದ ನೀಲಮ್ಮಜ್ಜಿ ತಲೆಯೆತ್ತಿದರು. "ಆ ಮುಂದಿನ ಹಡಗು ನಡಸೋ ಗಡ್ಡದಾಂವಗ ಏನಂತೀರಿ?"

"ಕ್ಯಾಪ್ಟನ್ ಸಾಹೇಬ್ರ ಅಂತೀವಿ."

"ಈಕಿಗೆ ಸುಂದರಿ! ಭಲೇ ನನ್ನ ಮೊಮ್ಮಗಳ! ನಾ ಸೊಸಿಯಾಗಿ ಬಂದ ದಿನ ನಮ್ಮತ್ತಿ ಹೊಸ್ತಿಲದಾಗ ನಿಂತು, 'ನಿನ್ನ ಏನಂತ ಕರೀಲಿ ಯವ್ವಾ?' ಅಂತ ಕೇಳಿದ್ಳು. ಆಮ್ಯಾಲೆ ಒಳಗ ಕರ್ಕೊಂಡ್ಳು."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, ಕಾಳಿನ ಮೊರ ಸೊಂಟಕ್ಕಾನಿಸಿ ಪರದೆಯ ಮುಂದೆ ನಿಂತರು. "ನಿಮ್ಮನ್ನ ಏನಂತ ಕರೀಬೇಕ್ರಿ?"

ಆಕೆ ತಟ್ಟನೆ ಎದ್ದು ನಿಂತಳು. "ಕ್ಯಾಪ್ಟನ್ ಅನ್ರಿ. ಹೆಸರು ಕಸ್ತೂರಿ."

"ಕ್ಯಾಪ್ಟನ್ ಕಸ್ತೂರಿಯವರ, ತಪ್ಪಾತ್ರಿ! ಹೋಗೋಣ್ರಿ?" ಸಹನಾ ಕೂಗಿದಳು.

ಹಾಯಿ ಬಿಚ್ಚಿಕೊಂಡಿತು. ಹಡಗು ಕುದುರೆಯಂತೆ ಜಿಗಿದು ಒಂದೊಂದೇ ಹಡಗನ್ನು ಹಿಂದೆ ಹಾಕಿತು. ಗಡ್ಡದವನ ಹಡಗೂ ಹಿಂದೆ ಬಿದ್ದಾಗ ಸಹನಾ ಕುಣಿದುಬಿಟ್ಟಳು. ಅಲೆಗಳ ಅಬ್ಬರದ ನಡುವೆಯೇ ಕ್ಯಾಪ್ಟನ್ ಅಜ್ಜಿಯತ್ತ ಹೊರಳಿ ಕೇಳಿದರು. "ಮತ್ತ ನಿಮ್ಮನ್ನ ಏನಂತ ಕರೀಲ್ರಿ?"

ಅಂದು ಅತ್ತೆ ಕೇಳಿದ ಮೇಲೆ ಅಜ್ಜಿಯನ್ನು ಹೀಗೆ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಅವರು ಅಜ್ಜಿಯೇ.

"ನೀಲಾ!" ಮೊರದ ಕಾಳೆಲ್ಲ ಚೆಲ್ಲುವಂತೆ ಜಿಗಿದು ಕೂಗಿದರು. "ನೀಲಾ ಅನ್ರೀ!"