ಎದ್ದ ಕಿರುಬೆರಳು

ಶಹಾಪುರದ ಅಡುಗೆಮನೆಯಲ್ಲಿ ಮಹಾನಂದಾ ಕೈಗವಸು ತೊಟ್ಟು ಕೂತಳು. ಮಂಗಳೂರಿನಲ್ಲಿ ಫ್ಲೇವಿಯಾ ಮೇಡಂ ಕುಟ್ಟಾಣಿಯಲ್ಲಿ ಔಷಧ ಅರೆದರೆ ಅವರ ಕೈಯ ಚಲನೆ ಆ ಕೈಗವಸಿನ ಮೂಲಕ ಇವಳ ಕೈಯೊಳಗೆ ಇಳಿಯುತ್ತಿತ್ತು. ಫಾರ್ಮಸಿಯ ದೂರಶಿಕ್ಷಣ ಈಗ ಹೀಗೇ. ಅರೆಯುವಾಗ ಇವಳ ಕಿರುಬೆರಳು ಮಾತ್ರ ತಾನಾಗಿ ಮೇಲೇಳುತ್ತಿತ್ತು.

“ಮೇಡಂ, ನಿಮ್ಮ ಕಿರುಬೆರಳು ಯಾಕ್ರೀ ಹಿಂಗ ಏಳ್ತದ? ನಾಳೆ ಪರೀಕ್ಷಾದಾಗ ಮಾರ್ಕ್ಸ್ ಕಟ್ ಮಾಡ್ತಾರ.”

“ಅದು ನನ್ನದಲ್ಲ ಮಾರಾಯ್ತಿ. ನನಗೆ ಕಲಿಸಿದ ವಾರಿಜಾ ಟೀಚರದ್ದು. ಆಸಿಡ್ ಬಿದ್ದು ಅವರ ಬೆರಳು ಸುಟ್ಟಿತ್ತು, ಮಡಚಲಿಕ್ಕೆ ಆಗ್ತಿರಲಿಲ್ಲ. ಅವರನ್ನು ನೋಡಿ ಕಲಿತ ನನಗೂ ಅದೇ ಬಂತು. ಅವರು ತೀರಿಹೋಗಿ ಇಪ್ಪತ್ತು ವರ್ಷ ಆಯ್ತು. ಬೆರಳು ಇನ್ನೂ ಪಾಠ ಮಾಡ್ತಾ ಉಂಟು.”

ಮರುದಿನ ಪರೀಕ್ಷೆಯಲ್ಲಿ ಮಹಾನಂದಾ ಬರಿಗೈಯಲ್ಲೇ ಅರೆದಳು. ಎಷ್ಟು ಒತ್ತಿ ಹಿಡಿದರೂ ಕಿರುಬೆರಳು ಎದ್ದೇ ಬಿಟ್ಟಿತು. ದೂರದೂರಿನಿಂದ ಬಂದಿದ್ದ ಮುದಿ ಪರೀಕ್ಷಕರು ಅದನ್ನೇ ನೋಡುತ್ತ ನಿಂತರು. ಆಮೇಲೆ ಮಾರ್ಕ್ಸ್ ಬರೆಯಲು ಪೆನ್ನು ಹಿಡಿದರು.

ಅವರ ಕಿರುಬೆರಳೂ ಎದ್ದಿತ್ತು.