ಹಾಸ್ಯ ತಿಳಿಯದವಳು

ಜನ ಯಾವುದಕ್ಕೆ ನಗುತ್ತಾರೆಂಬ ಅಂದಾಜು ತುಂಗಮ್ಮನ ಗಂಡನಿಗೆ ಇರಲಿಲ್ಲ. ಬರೆದದ್ದನ್ನೆಲ್ಲ ಅವಳ ಮುಂದೆ ಕೂತು ಓದುತ್ತಿದ್ದರು. ಅವಳು ನಕ್ಕರೆ ಪುಟ ಉಳಿಯುತ್ತಿತ್ತು, ನಗದಿದ್ದರೆ ಹರಿದುಹಾಕುತ್ತಿದ್ದರು. ದೆವ್ವಗಳು ರೇಷನ್ ಕಾರ್ಡಿಗೆ ಸಾಲು ನಿಲ್ಲುವ ಕಾದಂಬರಿ ಹಾಗೆಯೇ ಹುಟ್ಟಿ, ಅವರನ್ನು ನಾಡಿನ ದೊಡ್ಡ ಹಾಸ್ಯ ಸಾಹಿತಿಯನ್ನಾಗಿ ಮಾಡಿತು.

ಅದಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಸನ್ಮಾನ ನಡೆಯಿತು.

"ಮೊದಲು ಮನೆಯವರಿಗೆ ಓದಿ ತೋರಿಸ್ತೀರಂತೆ, ಹೌದಾ ಸಾರ್?" ಎಂದು ಸಭೆಯಲ್ಲಿ ಯಾರೋ ಕೇಳಿದರು.

"ಅವಳಿಗಾ? ಹಾಸ್ಯ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅವಳಿಗೆ," ಎಂದರು ಗಂಡ. ಸಭೆ ಗೊಳ್ಳೆಂದು ನಕ್ಕಿತು. ತುಂಗಮ್ಮ ಮೊದಲ ಸಾಲಿನಲ್ಲೇ ಕೂತಿದ್ದಳು.

ಮರುದಿನ ಅವರು ಹೊಸ ಕಾದಂಬರಿಯ ಹಸ್ತಪ್ರತಿ ಹಿಡಿದು ಬಂದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಅದರಲ್ಲಿ ಗುಮಾಸ್ತನೊಬ್ಬನ ದೆವ್ವ, ಪಿಂಚಣಿ ನಿಂತುಹೋಯಿತೆಂದು, ತಾನು ಬದುಕಿದ್ದೇನೆಂಬ ಸರ್ಟಿಫಿಕೇಟು ಕೇಳಲು ತನ್ನದೇ ಆಫೀಸಿಗೆ ಹೋಗುತ್ತದೆ. ತುಂಗಮ್ಮ ಮೊರದ ಮೇಲೆ ಬಗ್ಗಿ, ತುಟಿಯನ್ನು ಬಲವಾಗಿ ಕಚ್ಚಿಕೊಂಡಳು.

"ಯಾಕೆ, ನಗು ಬರಲಿಲ್ವೇನೇ?"

"ಇಲ್ಲಾರೀ. ಮುಂದೆ ಓದಿ."

ಅವರು ಪುಟ ಹರಿದರು. ಊಟದ ಹೊತ್ತಿಗೆ ನಲವತ್ತೊಂದು ಪುಟಗಳು ಹೋಗಿದ್ದವು.